ಕ್ರಾಸ್‌ಬೋ ಆಡೋರಿಗೆ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬೇಕಾ?

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅಂದ್ರೆ ಟೇಬಲ್ ಸುತ್ತ ಕೂತು, ಒಬ್ಬೊಬ್ರು ಒಂದೊಂದು ಪಾತ್ರ ಆಗಿ, ಡೈಸ್ ಉರುಳಿಸಿ ಕಥೆ ಆಡೋ ಆಟ. ಅದರ ರೂಲ್ ಪುಸ್ತಕ, ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್, ಬಂದಿದ್ದು 2024ರ ಸೆಪ್ಟೆಂಬರ್‌ನಲ್ಲಿ. 384 ಪುಟ, ಅಮೆರಿಕದ ರೇಟು 50 ಡಾಲರ್, ನಮ್ಮ ಕೈಗೆ ಬರೋ ಹೊತ್ತಿಗೆ ಎಷ್ಟಾಗುತ್ತೆ ಅಂತ ಮಾತ್ರ ಕೇಳ್ಬೇಡಿ, ಮಾರೋನ ಮನಸ್ಸು ಆ ವಾರ ಹೆಂಗಿದ್ಯೋ ಹಂಗೆ. ಪುಣೆಯಲ್ಲಿ ಪುಸ್ತಕ ಅಂದ್ರೆ ಎಲ್ರೂ ಅಪ್ಪಾ ಬಳವಂತ ಚೌಕ ತೋರಿಸ್ತಾರೆ, ಆದ್ರೆ ಅಲ್ಲಿ ರಾಶಿ ಬಿದ್ದಿರೋದು ಸ್ಕೂಲ್ ಗೈಡು, ಎಂಪಿಎಸ್‌ಸಿ (ಮಹಾರಾಷ್ಟ್ರದ ಸರ್ಕಾರಿ ಕೆಲಸದ ಪರೀಕ್ಷೆ) ಪುಸ್ತಕ. ಇದನ್ನ ಆನ್‌ಲೈನಲ್ಲೇ ತರಿಸ್ಕೊಂಡೆ, ಬರೀ ಪ್ಲಾಸ್ಟಿಕ್ ಕವರ್‌ಗೆ ತುರುಕಿ ಕಳಿಸಿದ್ರು ಪುಣ್ಯಾತ್ಮರು, ಒಂದು ಮೂಲೆ ಜಜ್ಜಿಹೋಗಿತ್ತು. ಬೈಂಡಿಂಗ್ ಗಟ್ಟಿ, ಚಿತ್ರ ಚೆನ್ನಾಗಿವೆ. ಅಷ್ಟು ಸಾಕು ಆ ವಿಷಯ.

ಮ್ಯಾಜಿಕ್ಕು ಗೀಜಿಕ್ಕು ಬಗ್ಗೆ ಬೇರೆಯವರು ಬರೀಲಿ, ನಾನು ನೋಡೋದು ಕ್ರಾಸ್‌ಬೋ (ಬಂದೂಕಿನ ಥರ ಟ್ರಿಗರ್ ಎಳೆದು ಬಾಣ ಬಿಡೋ ಬಿಲ್ಲು) ಒಂದನ್ನೇ. ವಾಕಡ್‌ನಲ್ಲಿ ಭಾನುವಾರ ಆಡೋ ಕನ್ನಡದ ಗ್ಯಾಂಗು ನಮ್ದು, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ ಕಡೆಯವರು, ಹಗಲೆಲ್ಲ ಹಿಂಜವಡಿಯಲ್ಲಿ ಕೋಡ್ ಕುಟ್ಟೋ ಜನ. ಹಳೇ 2014ರ ಪುಸ್ತಕದಲ್ಲಿ ಕ್ರಾಸ್‌ಬೋ ಹಿಡ್ಕೊಂಡಿದ್ದ ನನ್ನ ಫೈಟರನ್ನೇ (ಆಯುಧ ಹಿಡಿದು ಹೊಡೆದಾಡೋ ಪಾತ್ರ) ಹೊಸ ರೂಲ್ಸ್‌ಗೆ ತಂದೆ, ಹಂಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಬಲ್ಲೆ.

ಮೊದಲು ಹಳೇದು ಹೆಂಗಿತ್ತು ಅಂತ ನೋಡೋಣ. ಕ್ರಾಸ್‌ಬೋಗೆ ಹುಟ್ಟಿದಾಗಿಂದ ಇರೋ ಶನಿ ಅಂದ್ರೆ ಲೋಡಿಂಗ್, ನಿಮ್ಮ ಸರದಿಯ (ಟರ್ನ್‌ನ) ಒಂದು ಆ್ಯಕ್ಷನ್‌ಗೆ ಒಂದೇ ಬಾಣ, ಐದನೇ ಲೆವೆಲ್‌ನಲ್ಲಿ ಎಕ್ಸ್‌ಟ್ರಾ ಅಟ್ಯಾಕ್, ಅಂದ್ರೆ ಎರಡು ಸಲ ಹೊಡೆಯೋ ಹಕ್ಕು, ಸಿಕ್ಕಿದ್ರೂ ಅದೇ ಕಥೆ, ಪಕ್ಕದಲ್ಲಿ ಲಾಂಗ್‌ಬೋ ಹಿಡಿದೋನು ಎರಡು ಬಿಡ್ತಿರ್ತಾನೆ ನೀವು ಬಾಯಿ ಬಿಟ್ಕೊಂಡು ನೋಡ್ತಿರ್ತೀರ. ಇದಕ್ಕೆ ಔಷಧಿ ಕ್ರಾಸ್‌ಬೋ ಎಕ್ಸ್‌ಪರ್ಟ್ ಅನ್ನೋ ಫೀಟು, ಅಂದ್ರೆ ಪಾತ್ರಕ್ಕೆ ಆರಿಸ್ಕೊಳ್ಳೋ ವಿಶೇಷ ಕೌಶಲ. ಅದು ಲೋಡಿಂಗ್ ತೆಗೀತಿತ್ತು, ಶತ್ರು ಮೈಮೇಲೆ ಬಂದು ನಿಂತ್ರೂ ಡಿಸ್‌ಅಡ್ವಾಂಟೇಜ್ (ಎರಡು ಡೈಸ್ ಉರುಳಿಸಿ ಕಮ್ಮಿ ಬಿದ್ದದ್ದನ್ನ ತಗೊಳ್ಳೋದು) ಇಲ್ದೆ ಹೊಡೆಯೋಕೆ ಬಿಡ್ತಿತ್ತು, ಮೇಲಿಂದ ಹ್ಯಾಂಡ್ ಕ್ರಾಸ್‌ಬೋದಲ್ಲಿ ಬೋನಸ್ ಆ್ಯಕ್ಷನ್‌ಗೆ, ಅಂದ್ರೆ ಅದೇ ಸರದಿಯ ಮೇಲಿನ ಸಣ್ಣ ಆ್ಯಕ್ಷನ್‌ಗೆ, ಇನ್ನೊಂದು ಬಾಣ. ಜೊತೆಗೆ ಶಾರ್ಪ್‌ಶೂಟರ್, ಟು ಹಿಟ್‌ನಲ್ಲಿ (ತಾಗುತ್ತಾ ಅಂತ ನೋಡೋಕೆ ಇಪ್ಪತ್ತು ಮುಖದ ಡೈಸ್‌ಗೆ ಕೂಡೋ ಅಂಕಿ) 5 ಕಳ್ಕೊಂಡ್ರೆ ಡ್ಯಾಮೇಜ್‌ಗೆ 10 ಸೇರುತ್ತೆ. ಲೆಕ್ಕ ನೋಡಿ: ಐದನೇ ಲೆವೆಲ್ ಫೈಟರ್, ಡೆಕ್ಸ್ (ಚುರುಕುತನ) 16ರ 3, ಪ್ರೊಫಿಷಿಯೆನ್ಸಿ ಬೋನಸ್ (ಲೆವೆಲ್ ಜೊತೆ ಏರೋ ಅಂಕಿ) 3, ಆರ್ಚರಿ ಸ್ಟೈಲ್‌ನ 2 ಸೇರಿ ಟು ಹಿಟ್ ಪ್ಲಸ್ 8. ಎದುರಾಳಿ ಎಸಿ (ತಾಗೋಕೆ ಮುಟ್ಟಬೇಕಾದ ಅಂಕಿ) 15 ಅಂದ್ರೆ ಸುಮ್ನೆ ಹೊಡೆದ್ರೆ ನೂರಕ್ಕೆ 70 ತಾಗುತ್ತೆ, ಸರಾಸರಿ ಡ್ಯಾಮೇಜ್ ಆರೂವರೆ, ಬೋನಸ್ ಸೇರಿ ಮೂರು ಬಾಣಕ್ಕೆ 14ರ ಹತ್ತಿರ. ಶಾರ್ಪ್‌ಶೂಟರ್ ಹಾಕಿದ್ರೆ ತಾಗೋದು ನೂರಕ್ಕೆ 45ಕ್ಕೆ ಇಳಿಯುತ್ತೆ, ಆದ್ರೆ ತಾಗಿದ್ದಕ್ಕೆ ಹದಿನಾರೂವರೆ, ಟರ್ನ್‌ಗೆ 22 ಮೇಲೆ. ಹಂಗಾಗಿ ಕ್ರಾಸ್‌ಬೋ ಅಂದ್ರೆ ಎಲ್ರದ್ದೂ ಇದೇ ಬಿಲ್ಡು, ಅದೇ ಪುಟ್ಟ ಹ್ಯಾಂಡ್ ಕ್ರಾಸ್‌ಬೋ, ಅದೇ ಎರಡು ಫೀಟು. ಹೆವಿ ಕ್ರಾಸ್‌ಬೋನ ಯಾರೂ ಮೂಸಿ ನೋಡ್ತಿರಲಿಲ್ಲ.

ಹೊಸ ಪುಸ್ತಕ ಆ ಆಟ ಮುರಿದಿದೆ. ಶಾರ್ಪ್‌ಶೂಟರ್‌ನ 5 ಮತ್ತು 10ರ ವ್ಯಾಪಾರ ಪೂರ್ತಿ ಹೋಯ್ತು, ಒಂದೇ ಹ್ಯಾಂಡ್ ಕ್ರಾಸ್‌ಬೋದಲ್ಲಿ ಬೋನಸ್ ಆ್ಯಕ್ಷನ್ ಬಾಣವೂ ಹೋಯ್ತು. ಈಗ ಲೈಟ್ ಆಯುಧದ (ಹ್ಯಾಂಡ್ ಕ್ರಾಸ್‌ಬೋನೂ ಅದರಲ್ಲೊಂದು) ಸಾಮಾನ್ಯ ರೂಲೇ, ಬೋನಸ್ ಆ್ಯಕ್ಷನ್‌ನ ಎರಡನೇ ಹೊಡೆತ ಬೇಕಂದ್ರೆ ಅದನ್ನ ಬೇರೆ ಲೈಟ್ ಆಯುಧದಿಂದಲೇ ಹೊಡೀಬೇಕು. ಕ್ರಾಸ್‌ಬೋ ಎಕ್ಸ್‌ಪರ್ಟ್ ಇದ್ರೆ ಕೈ ಖಾಲಿ ಇಲ್ದಿದ್ರೂ ಬಾಣ ತುಂಬಬಹುದು, ಆ ಎರಡನೇ ಹೊಡೆತದ ಡ್ಯಾಮೇಜ್‌ಗೂ ಡೆಕ್ಸ್ ಬೋನಸ್ ಸೇರುತ್ತೆ, ಅಂದ್ರೆ ಎರಡು ಕೈಯಲ್ಲಿ ಎರಡು ಹ್ಯಾಂಡ್ ಕ್ರಾಸ್‌ಬೋ ಹಿಡ್ಕೊಂಡು ಸಿನಿಮಾ ಹೀರೋ ಥರ ನಿಲ್ಲೋದು ಈಗ ರೂಲ್ ಪ್ರಕಾರವೇ ನಡೆಯುತ್ತೆ. ಒಂದಕ್ಕೆ ಆಟದ ದುಡ್ಡಲ್ಲಿ 75 ಗೋಲ್ಡ್ ಅನ್ನೋದು ಮರೀಬೇಡಿ. ಫೀಟ್ ಜೊತೆ ಡೆಕ್ಸ್ ಒಂದು ಏರುತ್ತೆ, 17 ಇಟ್ಕೊಂಡು ಶುರು ಮಾಡಿದ್ರೆ ನಾಲ್ಕನೇ ಲೆವೆಲ್‌ಗೆ 18. ಅದೇ ಐದನೇ ಲೆವೆಲ್, ಅದೇ ಎಸಿ 15ಕ್ಕೆ ಮೂರು ಬಾಣದಲ್ಲಿ 17ರ ಹತ್ತಿರ ಬರುತ್ತೆ, ಅದರ ಮೇಲೆ ಹ್ಯಾಂಡ್ ಕ್ರಾಸ್‌ಬೋಗೆ ವೆಕ್ಸ್ ಅನ್ನೋ ಮಾಸ್ಟರಿ (ಆಯುಧಕ್ಕಿರೋ ವಿಶೇಷ ಗುಣ) ಕೊಟ್ಟಿದಾರೆ, ಒಂದು ತಾಗಿ ಡ್ಯಾಮೇಜ್ ಆದ್ರೆ ಅವನ ಮೇಲೇ ಮುಂದಿನ ಹೊಡೆತಕ್ಕೆ ಅಡ್ವಾಂಟೇಜ್ (ಎರಡು ಡೈಸಲ್ಲಿ ಜಾಸ್ತಿ ಬಿದ್ದದ್ದು). ಹಳೇ 22 ಇಲ್ಲ ನಿಜ, ಆದ್ರೆ ಮೂರೂ ಬಾಣ ಗಾಳಿಗೆ ಹೋಗಿ ಮುಖ ಸಪ್ಪೆ ಮಾಡ್ಕೊಂಡು ಕೂರೋ ಟರ್ನು ಕಮ್ಮಿಯಾಗಿದೆ. ನಂಗಂತೂ ಇದೇ ಇಷ್ಟ.

ಆದ್ರೆ ನಾನು ಈ ಪುಸ್ತಕಕ್ಕೆ ದುಡ್ಡು ಕೊಟ್ಟಿದ್ದು ವಸೂಲಿ ಆಗಿದ್ದು ಹೆವಿ ಕ್ರಾಸ್‌ಬೋದಿಂದ. 50 ಗೋಲ್ಡು, 18 ಪೌಂಡ್ ತೂಕ, ಡಿ10 (ಹತ್ತು ಮುಖದ ಡೈಸ್) ಡ್ಯಾಮೇಜು, 100 ಅಡಿವರೆಗೆ ಆರಾಮಾಗಿ ಹೋಗುತ್ತೆ, ಅದರ ಮಾಸ್ಟರಿ ಪುಶ್. ತಾಗಿದ್ರೆ ಲಾರ್ಜ್ ಸೈಜ್‌ವರೆಗಿನ ಯಾರನ್ನಾದ್ರೂ ನೆಟ್ಟಗೆ 10 ಅಡಿ ಹಿಂದಕ್ಕೆ ತಳ್ಳುತ್ತೆ. ನಮ್ಮ ಡಿಎಂ, ಅಂದ್ರೆ ಆಟ ನಡೆಸೋನು, ಬೆಳಗಾವಿ ಹುಡುಗ, ಕಣಿವೆ ಅಂಚಿಗೆ ಬೆನ್ನು ಹಾಕಿಸಿ ಒಬ್ಬ ಓಗರ್‌ನ (ಲಾರ್ಜ್ ಸೈಜಿನ ರಾಕ್ಷಸ) ನಿಲ್ಲಿಸಿದ್ದ, ಇಡೀ ಸಂಜೆಯ ಫೈಟು ಅವನೇ. ನನ್ನ ಮೊದಲ ಬಾಣ ತಾಗ್ತು. ಹುಡುಗ ಪುಸ್ತಕ ಎಳ್ಕೊಂಡು ಆ ಪುಟ ಮೇಲಿಂದ ಕೆಳಗೆ ಎರಡು ಸಲ ಓದಿದ, "ಸೇವ್ ಇಲ್ಲೇನ್ರಿ ಅಕ್ಕಾ ಇದಕ್ಕ?" ಅಂದ. ಸೇವ್ ಅಂದ್ರೆ ಡೈಸ್ ಉರುಳಿಸಿ ತಪ್ಪಿಸ್ಕೊಳ್ಳೋ ಅವಕಾಶ. ಇಲ್ಲ ಕಣೋ ತಮ್ಮಾ, ಟಾಪಲ್ (ಕೆಡವೋ) ಮಾಸ್ಟರಿಗೆ ಸೇವ್ ಇದೆ, ಪುಶ್‌ಗೆ ಇಲ್ಲ. ಓಗರ್ ಕಣಿವೆಗೆ, ಹತ್ತು ಅಡಿಗೊಂದು ಡಿ6 ಬೀಳೋ ಡ್ಯಾಮೇಜ್, ಟೇಬಲ್ ಮೇಲಿದ್ದ ಡೈಸ್ ಎಲ್ಲಾ ಸಾಲದೆ ಮಿರ್ಚಿ ತಿಂದ ಕೈಯಲ್ಲೇ ಪಕ್ಕದವನ ಡೈಸ್ ಕಿತ್ಕೊಂಡ್ರು. ಕ್ರಾಸ್‌ಬೋ ಎಕ್ಸ್‌ಪರ್ಟ್ ಇದ್ದು ಎರಡು ಬಾಣ ತಾಗಿದ್ರೆ 20 ಅಡಿ, ನಮ್ಮ ವಿಝರ್ಡ್ ಮೇಲೆ ಬಿದ್ದಿರೋನನ್ನ ಬಿಡಿಸೋಕೆ ಇದಕ್ಕಿಂತ ಒಳ್ಳೇದು ಬೇಡ.

ಇನ್ನೊಂದು, ಗ್ರೇಟ್ ವೆಪನ್ ಮಾಸ್ಟರ್ ಫೀಟು ಅಂದ ತಕ್ಷಣ ಕೊಡಲಿ ಕತ್ತಿಯವರದ್ದು ಅಂತ ಪುಟ ತಿರುಗಿಸ್ಬೇಡಿ. ಹೊಸದರಲ್ಲಿ ಹೆವಿ ಅಂತ ಇರೋ ಯಾವ ಆಯುಧಕ್ಕೂ, ನಿಮ್ಮ ಟರ್ನ್‌ನಲ್ಲಿ ಅಟ್ಯಾಕ್ ಆ್ಯಕ್ಷನ್ನಿಂದ ತಾಗಿದ ಪ್ರತಿ ಹೊಡೆತದ ಡ್ಯಾಮೇಜ್‌ಗೆ ಪ್ರೊಫಿಷಿಯೆನ್ಸಿ ಬೋನಸ್ ಸೇರುತ್ತೆ, ಹೆವಿ ಕ್ರಾಸ್‌ಬೋಗೂ. ಸ್ಟ್ರೆಂತ್ 13 ಬೇಕು, ಅದನ್ನ ಕ್ಯಾರೆಕ್ಟರ್ ಮಾಡೋವಾಗಲೇ ಎತ್ತಿಡಿ. ಫೈಟರ್‌ಗೆ ಆರನೇ ಲೆವೆಲ್‌ನಲ್ಲಿ ಇನ್ನೊಂದು ಫೀಟ್ ಸಿಗುತ್ತಲ್ಲ, ಅಲ್ಲಿಗೆ ಇದು. ಮತ್ತೆ ಡೆಕ್ಸ್ 13 ಇದ್ರೆ ಗ್ನೋಮ್, ಹಾಫ್ಲಿಂಗ್‌ನಂಥ ಕುಳ್ಳರ ಕೈಲೂ ಹೆವಿ ಕ್ರಾಸ್‌ಬೋ ನಡೆಯುತ್ತೆ, ಮೊದಲು ಚಿಕ್ಕ ಸೈಜ್‌ನೋರಿಗೆ ಡಿಸ್‌ಅಡ್ವಾಂಟೇಜ್ ಇತ್ತು.

ಬೇಜಾರಿನ ಮಾತೂ ಇದೆ. ಹತ್ತಿರ ಬಂದ ಶತ್ರುಗೆ ಹೊಡೆಯೋ ಸವಲತ್ತನ್ನ ಶಾರ್ಪ್‌ಶೂಟರ್‌ಗೂ ಕೊಟ್ಟುಬಿಟ್ಟಿದಾರೆ, ಹಂಗಾಗಿ ಎರಡೂ ಫೀಟ್ ತಗೊಂಡ್ರೆ ಅದು ಡಬಲ್, ಸುಮ್ನೆ ವೇಸ್ಟು. ಲಾಂಗ್‌ಬೋದವನಿಗೆ ಲೋಡಿಂಗ್ ತಲೆನೋವೂ ಇಲ್ಲ, ಶಾರ್ಪ್‌ಶೂಟರ್ ಒಂದರಲ್ಲೇ ಕೆಲಸ ಆಗುತ್ತೆ, ಗ್ರೇಟ್ ವೆಪನ್ ಮಾಸ್ಟರ್ ಅವನಿಗೂ ಸಿಗುತ್ತೆ, ಒಂಬತ್ತನೇ ಲೆವೆಲ್‌ನಲ್ಲಿ ಮಾಸ್ಟರಿ ಬದಲಿಸೋ ಟ್ಯಾಕ್ಟಿಕಲ್ ಮಾಸ್ಟರ್ ಬಂದ್ರೆ ಲಾಂಗ್‌ಬೋದಲ್ಲೇ ಪುಶ್ ಕೂಡ ಮಾಡ್ತಾನೆ. ನಾವು ಒಂದು ಫೀಟ್ ಖರ್ಚು ಮಾಡಿ ಅವನ ಸಮಕ್ಕೆ ಬರ್ಬೇಕು ಅನ್ನೋ ಅನ್ಯಾಯ ಹಂಗೇ ಉಳಿದಿದೆ. ಲೈಟ್ ಕ್ರಾಸ್‌ಬೋಗೆ ಶತ್ರು ನಡಿಗೆ ನಿಧಾನ ಮಾಡೋ ಸ್ಲೋ ಮಾಸ್ಟರಿ ಕೊಟ್ಟಿದಾರೆ, ಇರ್ಲಿ ಬಿಡಿ.

ಕೊಳ್ಳೋ ಮುಂಚೆ ಗೊತ್ತಿರ್ಲಿ, 2025ರ ಏಪ್ರಿಲ್‌ನಿಂದ ಎಸ್‌ಆರ್‌ಡಿ 5.2 ಅಂತ ಫ್ರೀ ರೂಲ್ಸ್ ಸಿಗ್ತಿದೆ. ಆಯುಧದ ಪಟ್ಟಿ, ಮಾಸ್ಟರಿ, ಆರ್ಚರಿ ಎಲ್ಲಾ ಅದರಲ್ಲಿವೆ, ಕ್ರಾಸ್‌ಬೋ ಎಕ್ಸ್‌ಪರ್ಟ್, ಶಾರ್ಪ್‌ಶೂಟರ್, ಗ್ರೇಟ್ ವೆಪನ್ ಮಾಸ್ಟರ್ ಮೂರೂ ಇಲ್ಲ. ಹಂಗಾಗಿ ಹೊಸಬರು ಫ್ರೀಯಲ್ಲೇ ರೋಗ್ (ಕಳ್ಳ, ಚಾಲಾಕಿ ಪಾತ್ರ) ಮಾಡ್ಕೊಂಡು ಲೈಟ್ ಕ್ರಾಸ್‌ಬೋ ಹಿಡೀರಿ. ರೋಗ್‌ಗೆ ಹೆಂಗೂ ಆ್ಯಕ್ಷನ್‌ಗೆ ಒಂದೇ ಹೊಡೆತ, ಲೋಡಿಂಗ್ ಇದ್ರೂ ನಷ್ಟ ಇಲ್ಲ, ಮೂರನೇ ಲೆವೆಲ್‌ನಲ್ಲಿ ಸ್ಟೆಡಿ ಏಮ್ ಬಂದ್ರೆ ಜಾಗ ಬಿಟ್ಟು ಅಲ್ಲಾಡದೆ ನಿಂತು ಅಡ್ವಾಂಟೇಜ್ ತಗೊಂಡು ಡಿ8 ಮೇಲೆ ಸ್ನೀಕ್ ಅಟ್ಯಾಕ್‌ನ (ರೋಗ್‌ನ ಹೊಂಚು ಹೊಡೆತ) ಎರಡು ಡಿ6 ಹಾಕಬಹುದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಫೈಟರ್ ಆಗಿ ಟರ್ನ್‌ಗೆ ಎರಡು ಮೂರು ಬಾಣ ಬಿಡೋ ಆಸೆ ಇರೋರು ಪುಸ್ತಕ ತಗೊಳ್ಳಿ, ಅದೂ ಟೇಬಲ್‌ಗೆ ಒಂದು ಕಾಪಿ, ದುಡ್ಡು ಹಂಚ್ಕೊಳ್ಳಿ, ಡಬ್ಬದಲ್ಲಿ ಹಾಕಿ ಕಳಿಸೋ ಅಂಗಡಿ ನೋಡಿ ಆರ್ಡರ್ ಮಾಡಿ.