ಮಲ್ಟಿಮೀಟರಾ, ಟೆಸ್ಟರಾ, ಇಎಸ್‌ಆರ್ ಮೀಟರಾ? ಮದರ್‌ಬೋರ್ಡ್ ಕೆಪಾಸಿಟರ್‌ಗೆ ಯಾವುದು ಸರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇಎಸ್‌ಆರ್ ಮೀಟರ್‌ಗೆ, ಅಂದರೆ ಕೆಪಾಸಿಟರ್‌ನ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗದ) ಒಳಗಿನ ರೆಸಿಸ್ಟೆನ್ಸ್ ಅಳೆಯುವ ಮೀಟರ್‌ಗೆ. ಮೂರರಲ್ಲಿ ನನಗೆ ಜಾಸ್ತಿ ದುಡ್ಡು ಬಿದ್ದದ್ದೂ ಅದಕ್ಕೇ. ಆದರೆ ಅದು ಬಂದ ಮೇಲೆ ಟೆಸ್ಟರ್, ಅಂದರೆ ಬಿಡಿಭಾಗಗಳನ್ನು ಹಾಕಿ ನೋಡುವ ಕಾಂಪೊನೆಂಟ್ ಟೆಸ್ಟರ್, ಹೆಚ್ಚಾಗಿ ಡ್ರಾಯರ್‌ನಲ್ಲೇ ಇರುತ್ತದೆ.

ತಲೆ ಉಬ್ಬಿದ, ಕಂದು ರಸ ಒಸರಿದ ಕೆಪಾಸಿಟರ್‌ಗೆ ಯಾವ ಮೀಟರೂ ಬೇಡ, ಕಣ್ಣೇ ಸಾಕು. 2000ದ ದಶಕದ ಮೊದಲ ವರ್ಷಗಳ ಎಷ್ಟೋ ಬೋರ್ಡ್‌ಗಳಲ್ಲಿ ಒಳಗಿನ ಕಳಪೆ ರಸದ (ಎಲೆಕ್ಟ್ರೋಲೈಟ್) ದೆಸೆಯಿಂದ ಇಂಥವು ಸಿಗುತ್ತವೆ. ಕಾಡುವುದು ಹೊರಗೆ ನೆಟ್ಟಗೆ ಕಾಣುವವು.

ಇಲ್ಲಿ ಮಲ್ಟಿಮೀಟರ್ ದಾರಿ ತಪ್ಪಿಸುತ್ತದೆ. ಅದು ಅಳೆಯುವುದು ಕೆಪಾಸಿಟರ್ ಎಷ್ಟು ಹಿಡಿಯುತ್ತದೆ ಅನ್ನುವುದನ್ನು; 1500 ಮೈಕ್ರೋಫ್ಯಾರಡ್‌ನದ್ದು 1400 ತೋರಿಸಿದರೆ ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಒಳಗಿನ ರೆಸಿಸ್ಟೆನ್ಸ್, ಅಂದರೆ ಇಎಸ್‌ಆರ್, ಏರಿ ಕೂತಿರಬಹುದು. ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳಲ್ಲಿ ಮೊದಲು ನೋಡಬೇಕಾದ್ದು ಅದನ್ನೇ.

ಕಾಂಪೊನೆಂಟ್ ಟೆಸ್ಟರ್ ಅಗ್ಗ, ಇಎಸ್‌ಆರ್ ಕೂಡ ತೋರಿಸುತ್ತದೆ. ಆದರೆ ಕೆಪಾಸಿಟರ್ ಬೋರ್ಡ್‌ನಿಂದ ಹೊರಗೆ ಬರಬೇಕು. ತೊಂದರೆ ಇರುವುದೇ ಅಲ್ಲಿ.

ಗ್ರೌಂಡ್ ಕಾಲು ಬೋರ್ಡ್‌ನ ಒಳಪದರದ ದೊಡ್ಡ ತಾಮ್ರದ ಹಾಳೆಗೆ ಸೇರಿರುತ್ತದೆ. ಸೋಲ್ಡರಿಂಗ್ ಐರನ್ ಕೊಟ್ಟ ಬಿಸಿಯನ್ನೆಲ್ಲ ಆ ಹಾಳೆ ಹೀರಿಕೊಳ್ಳುತ್ತದೆ. 25 ವ್ಯಾಟ್‌ನದ್ದು ಇಟ್ಟುಕೊಂಡು ಕೂತರೆ ಬೆಸುಗೆ ಮೇಲುಮೇಲೆ ಮಾತ್ರ ಕರಗುತ್ತದೆ. ಹಠ ಮಾಡಿ ಎಳೆದರೆ ತೂತಿನ ಒಳಗೋಡೆಯ ತಾಮ್ರವೂ ಜೊತೆಗೆ ಕಿತ್ತು ಬರಬಹುದು. ಹಾಗಾಗಿ ಅಗಲ ತುದಿಯ 60 ವ್ಯಾಟ್ ಐರನ್ ಬೇಕು. ಸೀಸ ಇರುವ ಹೊಸ ಬೆಸುಗೆ ಸೇರಿಸಿದರೆ ಹಳೆಯದು ಬೇಗ ಇಳಿಯುತ್ತದೆ. ಒಂದೊಂದೇ ಕಾಲು ಕಾಯಿಸುತ್ತಾ ಕೆಪಾಸಿಟರನ್ನು ಅತ್ತಿತ್ತ ವಾಲಿಸಿ ಬಿಡಿಸಬೇಕು.

ಬಂತು ಅನ್ನುವಷ್ಟರಲ್ಲಿ ತೂತು ಮುಚ್ಚಿಕೊಂಡಿರುತ್ತದೆ. ಬೆಸುಗೆ ಹೀರುವ ಪಂಪ್ ಹಾಕಿದರೆ ಮೇಲಿನದಷ್ಟೇ ಹೋಗುತ್ತದೆ, ನಡುವೆ ಬಿರಡೆಯ ಹಾಗೆ ಬೆಸುಗೆ ಉಳಿಯುತ್ತದೆ. ಒಂದು ಕಡೆಯಿಂದ ಕಾಯಿಸುತ್ತಾ ಇನ್ನೊಂದು ಕಡೆಯಿಂದ ಸ್ಟೇನ್‌ಲೆಸ್ ಸ್ಟೀಲ್ ಸೂಜಿ ತೂರಿಸಬೇಕು, ಅದಕ್ಕೆ ಬೆಸುಗೆ ಅಂಟುವುದಿಲ್ಲ. ಇಷ್ಟೆಲ್ಲ ಮಾಡಿ ಟೆಸ್ಟರ್‌ಗೆ ಹಾಕಿದರೆ ಅದು 'ಚೆನ್ನಾಗಿದೆ' ಅನ್ನುತ್ತದೆ. ಒಳ್ಳೆಯದನ್ನು ಸುಮ್ನೆ ಕಿತ್ತ ಹಾಗಾಯಿತು.

ಇಎಸ್‌ಆರ್ ಮೀಟರ್‌ಗೆ ಈ ಪಾಡಿಲ್ಲ. ಪವರ್ ತೆಗೆದು, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಕಾಲಿಗೆ ಮುಟ್ಟಿಸಿದರೆ ಸಾಕು. ಸಾಮಾನ್ಯವಾಗಿ 100 ಕಿಲೋಹರ್ಟ್ಸ್‌ನಲ್ಲಿ, ಅಕ್ಕಪಕ್ಕದ ಡಯೋಡ್ ಆನ್ ಆಗದಷ್ಟು ಕಡಿಮೆ ವೋಲ್ಟೇಜ್‌ನಲ್ಲಿ ಅಳೆಯುತ್ತದೆ. ಒಳ್ಳೆಯದು ಒಂದು ಓಮ್‌ನ ನೂರರಲ್ಲಿ ಕೆಲವೇ ಪಾಲಿನಷ್ಟಿರುತ್ತದೆ, ಪೂರ್ತಿ ಕೆಟ್ಟದ್ದು ಕೆಲವು ಓಮ್‌ಗೆ ಏರಿರುತ್ತದೆ.

ಇದಕ್ಕೂ ಎರಡು ಕೊರತೆ ಇವೆ. ಶಾರ್ಟ್ ಆದದ್ದೂ ಇದರಲ್ಲಿ ಒಳ್ಳೆಯದರಂತೆ ಕಾಣುತ್ತದೆ, ಅದನ್ನು ಮಲ್ಟಿಮೀಟರ್‌ನ ಓಮ್ ರೇಂಜ್‌ನಲ್ಲೇ ನೋಡಬೇಕು. ಪ್ರೊಸೆಸರ್ ಸುತ್ತಲಿನವು ಪ್ಯಾರಲಲ್ ಆಗಿ, ಅಂದರೆ ಎಲ್ಲದರ ಕಾಲೂ ಒಂದೇ ಜೋಡಿ ದಾರಿಗೆ ಸೇರಿ, ಇರುವುದರಿಂದ ಕೆಟ್ಟ ಒಂದನ್ನು ಉಳಿದವು ಮುಚ್ಚಿಡುತ್ತವೆ. ಅನುಮಾನ ಬಂದರೆ ನಾನು ಆ ಸಾಲನ್ನೇ ಲೋ ಇಎಸ್‌ಆರ್, 105 ಡಿಗ್ರಿ ಬಿಸಿ ತಡೆಯುವವುಗಳಿಂದ ಬದಲಿಸುತ್ತೇನೆ.

ಯಾವಾಗಲೋ ಒಮ್ಮೆ ಒಂದು ಬೋರ್ಡ್ ಬಿಚ್ಚುವವರಿಗೆ ಟೆಸ್ಟರ್ ಸಾಕು. ನನ್ನ ಮೇಜಿನ ಮೇಲೆ ಯಾವಾಗಲೂ ಯಾರದಾದರೂ ಹಳೇ ಬೋರ್ಡ್ ಇರುತ್ತದೆ, ತೂತು ಬಿಡಿಸುತ್ತಾ ಕೂರುವ ತಾಳ್ಮೆ ನನಗಂತೂ ಇಲ್ಲ.