ಕ್ಯಾನನ್ 80ಡಿಗೆ ಎಸ್.ಪಿ. ರೋಡ್‌ನ ಬ್ಯಾಟರಿ: 2600 ಅಂತ ಬರೆದಿದೆ, ಆದರೆ...

ಲಾಲ್‌ಬಾಗ್ ಕೆರೆ ಹತ್ತಿರ ಹಕ್ಕಿಗಳ ವಿಡಿಯೊ ಮಾಡಲು ನನ್ನ ಕ್ಯಾನನ್ 80ಡಿ ಕ್ಯಾಮೆರಾಗೆ ಒಂದೇ ಬ್ಯಾಟರಿ ಸಾಲುವುದಿಲ್ಲ. ಅದಕ್ಕೇ ಎಸ್.ಪಿ. ರೋಡ್‌ನ ಒಂದು ಸಣ್ಣ ಅಂಗಡಿಯಲ್ಲಿ ಬೇರೆ ಕಂಪನಿಯದೊಂದು ತಗೊಂಡೆ.

ಮೊದಲು ವೋಲ್ಟೇಜ್ ವಿಷಯ. ಈ ಕ್ಯಾಮೆರಾದ ಜೊತೆ ಬರುವ ಕ್ಯಾನನ್‌ನದೇ ಬ್ಯಾಟರಿ ಎಲ್‌ಪಿ-ಇ6ಎನ್ ಮೇಲೆ 7.2 ವೋಲ್ಟ್ ಅಂತಿದೆ, ನಾನು ತಗೊಂಡದ್ದರ ಮೇಲೆ 7.4. ಇದಕ್ಕೆ ಹೆದರಬೇಡಿ. ಎರಡರಲ್ಲೂ ಇರುವುದು ಒಂದರ ಹಿಂದೆ ಒಂದು ಜೋಡಿಸಿದ ಎರಡು ಲಿಥಿಯಂ ಅಯಾನ್ ಸೆಲ್. ಸೆಲ್ಲಿಗೆ 3.6 ಅಂತ ಹಿಡಿಯುವವರಿದ್ದಾರೆ, 3.7 ಅಂತ ಹಿಡಿಯುವವರೂ ಇದ್ದಾರೆ. ಪೂರ್ತಿ ಚಾರ್ಜ್ ಆದಾಗ ಎರಡೂ ಸುಮಾರು 8.4 ವೋಲ್ಟ್‌ಗೆ ಬರುತ್ತವೆ. ಮನೆಯ ಮಲ್ಟಿಮೀಟರ್ ಇಟ್ಟು ನೋಡಿದೆ, ಹಾಗೇ ಇತ್ತು.

ನನ್ನ ತಕರಾರು ಕೆಪಾಸಿಟಿ ಬಗ್ಗೆ, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದರ ಬಗ್ಗೆ. ಕ್ಯಾನನ್‌ನದು 1865 ಎಂಎಎಚ್ (ಮಿಲಿಆಂಪ್-ಅವರ್). ಇದರ ಮೇಲೆ ದಪ್ಪ ಅಕ್ಷರದಲ್ಲಿ 2600 ಅಂತ ಹಾಕಿದ್ದಾರೆ. ಹಾಗಿದ್ದರೆ ಜಾಸ್ತಿ ಹೊತ್ತು ಬರಬೇಕು, ಅಲ್ವಾ? ಒಂದೇ ಸೆಟ್ಟಿಂಗ್‌ನಲ್ಲಿ ಎರಡರಲ್ಲೂ ವಿಡಿಯೊ ಓಡಿಸಿದೆ. ಮೊದಲು ಮುಗಿದದ್ದು ಇದೇ. ಇದೇ ಅಳತೆಯ, ಆಮೇಲೆ ಬಂದ ಬ್ಯಾಟರಿ ಎಲ್‌ಪಿ-ಇ6ಎನ್‌ಎಚ್‌ನಲ್ಲಿ ಕ್ಯಾನನ್ ಕೂಡ 2130ಕ್ಕೇ ನಿಲ್ಲಿಸಿದೆ. ಸುಮ್ನೆ ದೊಡ್ಡ ಅಂಕಿ ಬರೆದು ಮಾರುವುದು ನನಗೆ ನಿಜವಾಗಲೂ ಸಿಟ್ಟು ತರಿಸುತ್ತದೆ. ದುಡ್ಡು ಕೊಡುವವರು ಆ ಅಂಕಿ ನೋಡಿಯೇ ಕೊಡುತ್ತಾರೆ.

ಇನ್ನೊಂದು ತೊಂದರೆ: ಅರ್ಧ ಇದೆ ಅಂತ ತೋರಿಸುತ್ತಲೇ ಕ್ಯಾಮೆರಾ ಆಫ್ ಆಗುತ್ತದೆ.

ಒಳ್ಳೆಯದೂ ಇದೆ. ಸಲೀಸಾಗಿ ಕೂರುತ್ತದೆ, ಉಬ್ಬಿಲ್ಲ, ಬಿಸಿಯಾಗಿಲ್ಲ. ಫೋಟೊ ತೆಗೆಯುವವರಿಗೆ ಸ್ಪೇರ್ ಆಗಿ ಸಾಕು. ಮದುವೆ ವಿಡಿಯೊ ಮಾಡುವವರು ಮಾತ್ರ ಕ್ಯಾನನ್‌ನದೇ ತಗೊಳ್ಳಿ, ಬಿಲ್ ಸಮೇತ.