ಒಂದೇ ಹೆಸರಿನ ಮೂರು ಹಡಗು: ಮಾಡೆಲ್‌ಗೆ ಯಾವುದು?

ಧಾರವಾಡದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಶಾಲೆಯ ವಸ್ತುಪ್ರದರ್ಶನಕ್ಕೆ ಹಡಗಿನ ಮಾಡೆಲ್ ಬೇಕಂತೆ. "ಮಾಮಾ, ಬೆನ್-ಮೈ-ಕ್ರೀ ಹೆಸರಿನವು ಆರು ಇವೆ. ಯಾವುದು ಮಾಡ್ಲಿ?"

ಇವು ಬ್ರಿಟನ್ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದ ಪ್ರಯಾಣಿಕರ ಹಡಗುಗಳು. ಅಲ್ಲಿನ ಭಾಷೆಯಲ್ಲಿ 'ನನ್ನ ಮನದ ಹುಡುಗಿ' ಅಂತ ಅರ್ಥ. 1845ರಿಂದ ಹೊಸ ಹಡಗುಗಳಿಗೆ ಮತ್ತೆ ಮತ್ತೆ ಇದೇ ಹೆಸರು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡ್ತೀವಲ್ವಾ, ಹಾಗೆ. ಆರರಲ್ಲಿ ಮಾಡೆಲ್‌ಗೆ ಮೂರು ನೋಡೋಣ.

ಕಥೆ ಹೇಳಬೇಕು ಅಂದರೆ 1908ರದ್ದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಅದರ ಹಿಂಭಾಗದಲ್ಲಿ ಸೀಪ್ಲೇನ್ (ನೀರಿನ ಮೇಲಿಂದ ಹಾರುವ ವಿಮಾನ) ಇಡಲು ಶೆಡ್ ಕಟ್ಟಿತು. 1915ರಲ್ಲಿ ಅದರ ಸೀಪ್ಲೇನ್ ಟಾರ್ಪಿಡೊ (ನೀರೊಳಗೆ ಸಾಗಿ ಸಿಡಿಯುವ ಅಸ್ತ್ರ) ಬಿಟ್ಟು ಶತ್ರು ಹಡಗಿಗೆ ಹೊಡೆಯಿತು. ವಿಮಾನದಿಂದ ಹಾಗೆ ಹೊಡೆದದ್ದು ಜಗತ್ತಿನಲ್ಲೇ ಮೊದಲು. 1917ರಲ್ಲಿ ಟರ್ಕಿಯ ಫಿರಂಗಿ ಏಟಿಗೆ ಈ ಬೆನ್-ಮೈ-ಕ್ರೀ ಮುಳುಗಿತು. ಆದರೆ ಕೆಲಸ ಜಾಸ್ತಿ: ಎರಡು ಚಿಮಣಿ, ಶೆಡ್ಡು, ಪುಟ್ಟ ವಿಮಾನ. ತಿಂಗಳು ಸಮಯ ಇದ್ದರೆ ಮಾತ್ರ ಕೈ ಹಾಕು.

1927ರದ್ದು ನಡುವಿನ ದಾರಿ. ಶೆಡ್ ಇಲ್ಲ, ಕಥೆ ಇದೆ: 1940ರಲ್ಲಿ, ಎರಡನೇ ಮಹಾಯುದ್ಧದಲ್ಲಿ, ಫ್ರಾನ್ಸಿನ ಡನ್‌ಕರ್ಕ್‌ನಿಂದ 4,000ಕ್ಕೂ ಹೆಚ್ಚು ಸೈನಿಕರನ್ನು ಕರೆತಂದಿತು.

ಖರ್ಚು, ಸಮಯ ಎರಡೂ ಕಡಿಮೆಯಿದ್ದರೆ 1998ರದ್ದು. ಆಕಾರ ಪೆಟ್ಟಿಗೆಯಂತೆ, ರಟ್ಟು ಸಾಕು. ಕಾರು, ಲಾರಿ ಹೊಟ್ಟೆಯೊಳಗೇ ಹೋಗುವ ಹಡಗು ಅದು. ಹಿಂದಿನ ಬಾಗಿಲಿಗೆ ಬಟ್ಟೆಯ ಪಟ್ಟಿ ಅಂಟಿಸಿದರೆ ತೆರೆದು ಮುಚ್ಚಬಹುದು. ಆಟಿಕೆ ಕಾರು ಒಳಗೆ ಬಿಟ್ಟು ತೋರಿಸು.

ಉಣಕಲ್ ಕೆರೆಯಲ್ಲಿ ತೇಲಿಸೋ ಆಸೆ ಇದ್ದರೆ ಯಾವುದಕ್ಕಾದರೂ ತಳ ಥರ್ಮಾಕೋಲಿನದೇ ಇರಲಿ. ರಟ್ಟು ನೆನೆದು ಮೆತ್ತಗಾಗುತ್ತೆ.